ಎರಡನೇ ಸಾಲಿನಲ್ಲಿ ನನ್ನ ಜಾಗ

ನನಗೆ ಹನ್ನೊಂದು ತುಂಬಿದಾಗ ಅಪ್ಪನ ಶೂ ನನ್ನ ಕಾಲಿಗೆ ಸರಿಹೋಗುತ್ತಿತ್ತು. ಹದಿಮೂರಕ್ಕೆ ಅದೂ ಬಿಗಿಯಾಯಿತು. ಮೈಸೂರಿನಿಂದ ನೆದರ್‌ಲ್ಯಾಂಡ್ಸಿನ ಆಮ್ಸ್ಟೆಲ್‌ವೀನ್‌ಗೆ ಬಂದಾಗ ನನಗೆ ಏಳು ವರ್ಷ. ಆಗ ಎಲ್ಲ ಮಕ್ಕಳ ಹಾಗೇ ಇದ್ದೆ. ಆಮೇಲೆ ಮೈ ತನ್ನ ಪಾಡಿಗೆ ತಾನು ಬೆಳೆಯಿತು. ಇಲ್ಲಿನ ಹುಡುಗರು ಎತ್ತರಕ್ಕೆ ಬೆಳೆದರೆ ನಾನು ಎತ್ತರಕ್ಕೂ ಬೆಳೆದೆ, ಅಗಲಕ್ಕೂ ಬೆಳೆದೆ. ನಮ್ಮವರ ಮನೆಗಳ ಹುಟ್ಟುಹಬ್ಬಗಳಲ್ಲಿ ಆಂಟಿಯರು ಅಮ್ಮನನ್ನು ಪಕ್ಕಕ್ಕೆ ಕರೆದು, "ಏನ್ರೀ ಹಾಕ್ತೀರಾ ಇವನಿಗೆ?" ಎಂದು ಕೇಳಿ ನಗುತ್ತಿದ್ದರು. ಅಮ್ಮ "ಅನ್ನ, ಸಾರು" ಎಂದು ಅಲ್ಲಿಗೇ ಮಾತು ಮುಗಿಸುತ್ತಿದ್ದಳು.

ಒಂಬತ್ತನೇ ವಯಸ್ಸಿನಲ್ಲಿ ಒಂದು ಘಟನೆ ನಡೆಯಿತು. ಶಾಲೆಯ ಅಂಗಳದಲ್ಲಿ ಮುಟ್ಟಾಟ ಆಡುತ್ತಿದ್ದೆವು. ನನ್ನ ತರಗತಿಯ ಹುಡುಗನೊಬ್ಬ ಮುಂದೆ ಓಡುತ್ತಿದ್ದವನು ಗಕ್ಕನೆ ತಿರುಗಿದ. ನನಗೆ ನಿಲ್ಲಲಾಗಲಿಲ್ಲ. ಇಬ್ಬರೂ ಬಿದ್ದೆವು, ನಾನು ಎದ್ದೆ, ಅವನು ಏಳಲಿಲ್ಲ. ಅವನ ಮಣಿಕಟ್ಟು ಮುರಿದಿತ್ತು. ಆ ಸಂಜೆಯೇ ಅಮ್ಮ ನನ್ನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಒಂದು ಡಬ್ಬಿಯಲ್ಲಿ ರವೆ ಉಂಡೆ ಹಾಕಿಕೊಂಡು ಅವನ ಮನೆಗೆ ಹೋದಳು. ಅವನು ಬೇಜಾರೇ ಮಾಡಿಕೊಂಡಿರಲಿಲ್ಲ. ಪ್ಲಾಸ್ಟರಿನ ಮೇಲೆ ನನ್ನಿಂದಲೂ ಒಂದು ಚಿತ್ರ ಬರೆಸಿಕೊಂಡ, ಎರಡು ಉಂಡೆ ತಿಂದ, ಆರು ವಾರದಲ್ಲಿ ಎಲ್ಲ ಮರೆತ. ಮರೆಯದೆ ಉಳಿದವನು ನಾನು. ಅಂದಿನಿಂದ ಯಾರ ಹತ್ತಿರವೂ ಜೋರಾಗಿ ಓಡಲಿಲ್ಲ. ಸಾಲಿನಲ್ಲಿ ನಿಂತರೆ ಭುಜ ಒಳಗೆ ಎಳೆದುಕೊಳ್ಳುತ್ತಿದ್ದೆ. ಕ್ಲಾಸಿನಲ್ಲಿ ಯಾರಾದರೂ ನನಗೆ ತಾಕಿದರೂ ನಾನೇ "ಸಾರಿ" ಅನ್ನುತ್ತಿದ್ದೆ.

ಭಾನುವಾರ ನಮ್ಮ ಕಡೆಯವರೆಲ್ಲ ಸೇರಿ ಕ್ರಿಕೆಟ್ ಆಡುತ್ತಿದ್ದರು. ಅಪ್ಪನಿಗೆ ಅದು ವಾರದ ಪ್ರಾಣವಾಯು. ಆಮ್ಸ್ಟರ್‌ಡ್ಯಾಮಿನ ಕಚೇರಿಗಳ ಬಡಾವಣೆ ಜೈಡಾಸ್‌ನ ಬ್ಯಾಂಕೊಂದರಲ್ಲಿ ವಾರವಿಡೀ ಕಂಪ್ಯೂಟರ್ ಮುಂದೆ ಕೂತಿದ್ದು, ಆ ದಿನ ಬಿಳಿ ಟೋಪಿ ಹಾಕಿ ಅಂಪೈರ್ ಆಗುತ್ತಿದ್ದರು. ಅವರು ನನ್ನನ್ನು ಬ್ಯಾಟಿಂಗಿಗೆ ಕಳಿಸಿದಾಗಲೆಲ್ಲ ನಾಲ್ಕನೇ ಬಾಲಿನೊಳಗೆ ವಾಪಸು ಬರುತ್ತಿದ್ದೆ. ಕೊನೆಗೆ ಅವರೇ ಕಳಿಸುವುದನ್ನು ಬಿಟ್ಟರು. ಇವನಿಗೆ ಆಟ ಒಲಿಯೋದಿಲ್ಲ ಎಂದು ಮನೆಯಲ್ಲಿ ತೀರ್ಮಾನವಾಯಿತು. ಬೇಸರವಾಗುತ್ತಿತ್ತು, ಆದರೆ ನನಗೂ ಹಾಗೇ ಅನಿಸಿತ್ತು.

ಹದಿನೆಂಟಕ್ಕೆ ಸಿವಿಲ್ ಎಂಜಿನಿಯರಿಂಗ್ ಓದಲು ಬೇರೆ ಊರಿನ ವಿಶ್ವವಿದ್ಯಾಲಯ ಸೇರಿದೆ. ಮೊದಲ ವಾರ ಹುಲ್ಲುಹಾಸಿನ ಮೇಲೆ ವಿದ್ಯಾರ್ಥಿ ಸಂಘಗಳೆಲ್ಲ ಮೇಜು ಹಾಕಿಕೊಂಡು ಹೊಸಬರನ್ನು ಕರೆಯುತ್ತಿದ್ದವು. ದೋಣಿ ನಡೆಸುವವರು, ನಾಟಕದವರು, ಚದುರಂಗದವರು. ಒಂದು ಮೇಜಿನ ಹಿಂದೆ ಭುಜಕ್ಕೆ ದಪ್ಪ ರಕ್ಷಾಕವಚ ಕಟ್ಟಿಕೊಂಡಿದ್ದ ಕೆಂಚುಗೂದಲ ಹುಡುಗನೊಬ್ಬ ನಿಂತಿದ್ದ. ನನ್ನನ್ನು ನೋಡಿದವನೇ ಎರಡೂ ಕೈ ಮೇಲೆತ್ತಿ ಇಂಗ್ಲಿಷಿನಲ್ಲಿ ಕೂಗಿದ: "ಬಂದೆಯಾ! ಎರಡು ವರ್ಷದಿಂದ ನಿನ್ನನ್ನೇ ಕಾಯ್ತಾ ಇದೀವಿ!"

ನಾನು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಅವನು ಕರೆದದ್ದು ನನ್ನನ್ನೇ. ನನ್ನ ಮೈಯನ್ನು ಕಂಡು ಒಬ್ಬ ಮನುಷ್ಯನಿಗೆ ಸಂತೋಷವಾದದ್ದು ಅದೇ ಮೊದಲು. ಅದು ಅಮೆರಿಕನ್ ಫುಟ್‌ಬಾಲ್ ತಂಡ ಎಂದು ತಿಳಿಯುವ ಮೊದಲೇ ನಾನು ಅವನು ಕೊಟ್ಟ ಪೆನ್ನು ಹಿಡಿದಿದ್ದೆ.

ಆ ವಾರಾಂತ್ಯ ಮನೆಗೆ ಹೋದಾಗ ಊಟದ ಮೇಜಿನಲ್ಲಿ ಹೇಳಿದೆ. "ಅಪ್ಪ, ಯೂನಿವರ್ಸಿಟೀಲಿ ಫುಟ್‌ಬಾಲ್ ಟೀಮ್ ಸೇರ್ಕೊಂಡೆ."

"ಫುಟ್‌ಬಾಲಾ? ಭೇಷ್!" ಅಪ್ಪ ತಟ್ಟೆಯಿಂದ ಕೈ ಎತ್ತಿ ನನ್ನ ಬೆನ್ನು ತಟ್ಟಿದರು. "ಈ ದೇಶದಲ್ಲಿದ್ದು ಫುಟ್‌ಬಾಲ್ ಆಡ್ದೆ ಇದ್ರೆ ಹೇಗೋ? ಗೋಲ್‌ಕೀಪರ್ ತಾನೆ?"

ಅವರು ಯಾವ ಫುಟ್‌ಬಾಲ್ ಅಂದುಕೊಂಡರು ಎಂದು ಗೊತ್ತಾಯಿತು. ತಿದ್ದಲು ಬಾಯಿ ಬರಲಿಲ್ಲ. ಅವರ ಮುಖದಲ್ಲಿ ಅಷ್ಟು ಖುಷಿ. "ಹ್ಞೂಂ, ಒಂಥರಾ ಡಿಫೆನ್ಸ್" ಎಂದೆ. ಆ ಅರೆ ಸುಳ್ಳು ಒಂದೂವರೆ ವರ್ಷ ಬಾಳಿತು.

ಮೊದಲ ವರ್ಷ ನನ್ನನ್ನು ಮುಂಚೂಣಿಯ ಸಾಲಿನಲ್ಲಿ ನಿಲ್ಲಿಸಿದರು. ಈ ಆಟದಲ್ಲಿ ಎರಡು ಕಡೆಯ ದಡೂತಿಗಳು ಎದುರುಬದುರಾಗಿ ಬಾಗಿ ನಿಲ್ಲುತ್ತಾರೆ. ಚೆಂಡು ಕದಲಿದ ಕ್ಷಣ ಒಬ್ಬರನ್ನೊಬ್ಬರು ತಳ್ಳಬೇಕು. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಯತ್ನ. ಅಷ್ಟರಲ್ಲಿ ಹತ್ತು ಗಜ ಮುಂದೆ ಹೋಗದಿದ್ದರೆ ಚೆಂಡು ಎದುರಾಳಿಗೆ. ತಳ್ಳುವ ಕೆಲಸ ನನಗೆ ಬರಲೇ ಇಲ್ಲ. ಶಕ್ತಿ ಇತ್ತು. ಎದುರಿನವನ ಎದೆಗೆ ಕೈ ತಾಗಿದ್ದೇ ತಡ, ಆ ಶಕ್ತಿ ಎಲ್ಲಿಗೋ ಹೋಗುತ್ತಿತ್ತು. ಒಂದು ಅಭ್ಯಾಸದಲ್ಲಿ ನಮ್ಮ ತಂಡದವನೇ ನನ್ನ ಡಿಕ್ಕಿಗೆ ಹಿಮ್ಮುಖವಾಗಿ ಬಿದ್ದ. ನಾನು ಆಟ ಬಿಟ್ಟು ಮಂಡಿಯೂರಿ "ಸಾರಿ, ಸಾರಿ" ಎಂದು ಅವನನ್ನು ಎಬ್ಬಿಸಲು ಹೋದೆ. ಅಷ್ಟರಲ್ಲಿ ಚೆಂಡು ಹಿಡಿದವನು ನನ್ನ ಪಕ್ಕದಿಂದಲೇ ಓಡಿಹೋದ. ಅಂದಿನಿಂದ ತಂಡದಲ್ಲಿ ನನ್ನ ಅಡ್ಡಹೆಸರು "ಸಾರಿ" ಎಂದೇ ಆಯಿತು.

ಕೋಚ್ ಐವತ್ತು ದಾಟಿದ ಡಚ್ ಮನುಷ್ಯ. ಹಗಲು ಪ್ರಾಥಮಿಕ ಶಾಲೆಯ ಮೇಷ್ಟ್ರು, ಸಂಜೆ ನಮಗೆ ಕೋಚ್. ದನಿ ಎತ್ತಿದ್ದನ್ನು ನಾನು ಕಂಡಿಲ್ಲ. ಒಂದು ದಿನ ನನ್ನನ್ನು ಬೇಲಿಯ ಹತ್ತಿರ ಕರೆದು, "ನೀನು ಹೊಡೆಯೋ ಮುಂಚೇನೇ ಕ್ಷಮೆ ಕೇಳ್ತೀಯ. ಯಾಕೆ?" ಎಂದರು. ಮಣಿಕಟ್ಟು ಮುರಿದ ಕಥೆ ಹೇಳಿದೆ. ಅವರು ನಗಲಿಲ್ಲ. "ಅವನು ಆವತ್ತು ರಕ್ಷಾಕವಚ ಹಾಕಿರಲಿಲ್ಲ, ನೀನು ಬರೋದೂ ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ಎಲ್ಲರಿಗೂ ಗೊತ್ತು, ಎಲ್ಲರೂ ಒಪ್ಪಿಯೇ ಬಂದಿದ್ದಾರೆ" ಎಂದರು. ಮಾತು ತಲೆಗೆ ಹೋಯಿತು. ಮೈಗೆ ಹೋಗಲು ಇನ್ನೂ ಕಾಲ ಬೇಕಿತ್ತು.

ಎರಡನೇ ವರ್ಷದ ವಸಂತದಲ್ಲಿ ಒಂದು ಪಂದ್ಯದಲ್ಲಿ ಅರ್ಧ ಮನಸ್ಸಿನಿಂದ ಒಬ್ಬನನ್ನು ತಡೆಯಲು ಹೋಗಿ ನನ್ನ ಎಡ ಭುಜವೇ ಜಾರಿತು. ಆಸ್ಪತ್ರೆಯಲ್ಲಿ ಸರಿಗೂಡಿಸಿ, ಕೈಯನ್ನು ಜೋಲಿಗೆ ಹಾಕಿ ಕಳಿಸಿದರು. ಮನೆಗೆ ಹೋಗಲೇಬೇಕಾಯಿತು. ಬಾಗಿಲು ತೆರೆದ ಅಪ್ಪ ಜೋಲಿ ನೋಡಿದರು, ನನ್ನ ಮುಖ ನೋಡಿದರು.

"ಗೋಲ್‌ಪೋಸ್ಟಿಗೆ ಗುದ್ದಿದ್ಯಾ?"

"ಇಲ್ಲಪ್ಪ." ಇನ್ನು ಸುಳ್ಳು ಹೇಳಲಾಗಲಿಲ್ಲ. ಸೋಫಾದ ಮೇಲೆ ಕೂತು ಎಲ್ಲ ಹೇಳಿದೆ. ಫೋನಿನಲ್ಲಿ ಒಂದು ಪಂದ್ಯದ ವಿಡಿಯೊ ತೋರಿಸಿದೆ. ಅಪ್ಪ ಒಂದು ನಿಮಿಷ ನೋಡಿ ಫೋನನ್ನು ವಾಪಸು ಕೊಟ್ಟರು.

"ಇದು ಆಟವೇನೋ? ಹೆಲ್ಮೆಟ್ ಹಾಕ್ಕೊಂಡು ಜಗಳ ಆಡ್ತಿದ್ದಾರೆ! ಒಂದೂವರೆ ವರ್ಷ ನಾನು ಆಫೀಸಲ್ಲೆಲ್ಲಾ ನನ್ನ ಮಗ ಫುಟ್‌ಬಾಲ್ ಆಡ್ತಾನೆ ಅಂತ ಹೇಳ್ಕೊಂಡು ಓಡಾಡಿದೀನಿ. ಸಾಕು. ಇವತ್ತಿಗೆ ನಿಲ್ಸು."

"ಬಿಡಲ್ಲ ಅಪ್ಪ."

ನಾನು ಅವರಿಗೆ ಎದುರಾಡಿದ್ದು ಕಡಿಮೆ. ಅವರು ಮಹಡಿ ಹತ್ತಿ ಹೋದರು. ಅಮ್ಮ ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಬೈಗುಳಕ್ಕೆ ತಯಾರಾದೆ. ಅವಳು ಹತ್ತಿರ ಬಂದು ಕೇಳಿದ್ದೇ ಬೇರೆ.

"ಎಲ್ಲಿ, ಇನ್ನೊಂದು ಸಲ ತೋರ್ಸು. ನೀನು ಬಿದ್ದಿದ್ದು."

ತೋರಿಸಿದೆ. ಮತ್ತೊಮ್ಮೆ ತೋರಿಸು ಎಂದಳು. ಮೂರನೇ ಸಲ ಅವಳೇ ಬೆರಳಿಟ್ಟು ವಿಡಿಯೊ ನಿಲ್ಲಿಸಿದಳು.

"ಇಲ್ನೋಡು ಪುಟ್ಟ. ಇಲ್ಲಿ ನೀನು ಅವನ ಮುಖ ನೋಡ್ತಿದ್ದೀಯ. ಮುಖ ಮೋಸ ಮಾಡತ್ತೆ. ಭುಜಾನೂ ಮೋಸ ಮಾಡತ್ತೆ. ಸೊಂಟ ನೋಡ್ಬೇಕು. ಸೊಂಟ ಯಾವ ಕಡೆಗೆ ಹೋಗತ್ತೋ ಮನುಷ್ಯ ಆ ಕಡೆಗೇ ಹೋಗ್ಬೇಕು, ಬೇರೆ ದಾರಿ ಇಲ್ಲ."

"ನಿಂಗೆ ಹೇಗಮ್ಮ ಗೊತ್ತು?"

"ನಾನು ಯೂನಿವರ್ಸಿಟಿಗೆ ಖೋ ಖೋ ಆಡಿದ್ದೆ, ಮೂರು ವರ್ಷ" ಎಂದಳು. ಸಾರಿಗೆ ಉಪ್ಪು ಹಾಕಿದೆ ಎನ್ನುವಷ್ಟೇ ಸಹಜವಾಗಿ.

ಇಪ್ಪತ್ತು ವರ್ಷ ಜೊತೆಯಲ್ಲಿದ್ದ ಮಗನಿಗೆ ಅದು ತಿಳಿದಿರಲಿಲ್ಲ. ನನಗೆ ಗೊತ್ತಿದ್ದ ಅಮ್ಮ ಎಂದರೆ ಪ್ರಯೋಗಾಲಯವೊಂದರಲ್ಲಿ ನೀರಿನ ಮಾದರಿ ಪರೀಕ್ಷಿಸುವವಳು, ಎದುರುಗಾಳಿಗೆ ಸೈಕಲ್ ತುಳಿಯುವವಳು, ನನಗೆ ಊಟದ ಮೇಜಿನ ಮೇಲೆ ಕನ್ನಡ ಓದಲು ಬರೆಯಲು ಕಲಿಸಿದವಳು. "ಯಾಕೆ ಹೇಳ್ಲಿಲ್ಲ?" ಎಂದೆ. "ನೀನು ಯಾವಾಗ ಕೇಳಿದ್ದೆ?" ಎಂದಳು.

ಮೂರು ತಿಂಗಳಿಗೆ ಭುಜ ಗುಣವಾಯಿತು. ಫಿಸಿಯೊ ಓಡಬಹುದು ಎಂದ ಮರುದಿನ ಬೆಳಿಗ್ಗೆ ಅಮ್ಮ ಚೂಡಿದಾರದ ಮೇಲೆ ಜಾಕೆಟ್ ಹಾಕಿ, ಸ್ಪೋರ್ಟ್ಸ್ ಶೂ ಕಟ್ಟಿಕೊಂಡು ನನ್ನನ್ನು ಮನೆ ಹತ್ತಿರದ ಪಾರ್ಕಿಗೆ ಕರೆದೊಯ್ದಳು. ಎರಡು ಮರಗಳ ನಡುವೆ ನಿಂತು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು.

"ನನ್ನ ಮುಟ್ಟು ನೋಡೋಣ."

ನಾನು ನಕ್ಕೆ. ಅವಳಿಗೆ ನಲವತ್ತೆಂಟು, ನನಗೆ ಇಪ್ಪತ್ತು. ಕೈ ಚಾಚಿದರೆ ಸಿಗುವಷ್ಟು ಹತ್ತಿರ ನಿಂತಿದ್ದಳು. ಚಾಚಿದೆ. ಅವಳಿರಲಿಲ್ಲ. ಮತ್ತೆ ನುಗ್ಗಿದೆ. ಅವಳ ತಲೆ ಎಡಕ್ಕೆ ಹೋಯಿತು, ನಾನು ಎಡಕ್ಕೆ ಹಾರಿದೆ, ಅವಳು ಬಲಗಡೆಯಿಂದ ನನ್ನ ಬೆನ್ನು ತಟ್ಟಿದಳು. ನಾಲ್ಕನೇ ಸಲ ಒದ್ದೆ ಹುಲ್ಲಿನ ಮೇಲೆ ಅಂಗಾತ ಬಿದ್ದೆ. ನಾಯಿ ಹಿಡಿದು ಹೋಗುತ್ತಿದ್ದ ಹಿರಿಯರೊಬ್ಬರು ಗಾಬರಿಯಿಂದ ನಿಂತು ಏನಾಯಿತು ಎಂದು ಡಚ್ಚಿನಲ್ಲಿ ಕೇಳಿದರು. ಅಮ್ಮ ಅದೇ ಭಾಷೆಯಲ್ಲಿ, "ಏನಿಲ್ಲ, ನನ್ನ ಮಗ. ಆಟ ಕಲೀತಿದ್ದಾನೆ" ಎಂದಳು. ಅವಳಿಗೆ ಉಸಿರು ಕೂಡ ಏರಿರಲಿಲ್ಲ.

ಆ ಬೇಸಿಗೆ ವಾರಕ್ಕೆ ಎರಡು ಬೆಳಿಗ್ಗೆ ಆ ಪಾರ್ಕಿಗೆ ಹೋದೆವು. ಮೂರನೇ ವಾರ ಅವಳ ತೋಳು ನನ್ನ ಕೈಗೆ ಸಿಕ್ಕಿತು. ಆಗಸ್ಟ್ ಹೊತ್ತಿಗೆ ಹತ್ತರಲ್ಲಿ ಆರು ಸಲ ಹಿಡಿಯುತ್ತಿದ್ದೆ. ಅವಳು ನನ್ನನ್ನು ಹೊಗಳಲಿಲ್ಲ. ಒಮ್ಮೆ ಮಾತ್ರ, ಗಟ್ಟಿಯಾಗಿ ಹಿಡಿದಾಗ, "ಹಾ! ಹೀಗೆ. ಹಿಡಿದ್ಮೇಲೆ ಬಿಡ್ಬಾರ್ದು" ಎಂದು ಕೂಗಿದಳು. ನಾನು ಸಾರಿ ಅನ್ನಲಿಲ್ಲ ಎನ್ನುವುದು ಆಮೇಲೆ, ಮನೆಗೆ ನಡೆಯುವಾಗ ಹೊಳೆಯಿತು.

ಸೆಪ್ಟೆಂಬರ್‌ನಲ್ಲಿ ಕೋಚ್ ಹತ್ತಿರ ಹೋಗಿ ನನ್ನನ್ನು ಲೈನ್‌ಬ್ಯಾಕರ್ ಮಾಡಿ ಎಂದು ಕೇಳಿದೆ. ಲೈನ್‌ಬ್ಯಾಕರ್ ಅಂದರೆ ತಡೆಯುವ ತಂಡದಲ್ಲಿ ಎರಡನೇ ಸಾಲಿನವನು. ಮುಂದೆ ದಡೂತಿಗಳು ಕಾದಾಡುವಾಗ ಅವರ ಬೆನ್ನ ಹಿಂದೆ ನಿಂತು ಚೆಂಡು ಎಲ್ಲಿಗೆ ಹೋಗುತ್ತದೆ ಎಂದು ಓದಬೇಕು, ಉಳಿದವರಿಗೆ ಕೂಗಿ ಹೇಳಬೇಕು, ಆಮೇಲೆ ತಾನೂ ಓಡಿಹೋಗಿ ಹಿಡಿಯಬೇಕು. ಕೋಚ್ ಮೊದಲು ನನ್ನ ಗಾತ್ರ ನೋಡಿದರು. ಅಭ್ಯಾಸದಲ್ಲಿ ತಂಡದ ಅತಿ ವೇಗದ ಹುಡುಗನನ್ನು ನನ್ನ ಎದುರು ಐದು ಸಲ ಓಡಿಸಿದರು. ಐದರಲ್ಲಿ ನಾಲ್ಕು ಸಲ ಅವನು ನನ್ನ ತೋಳುಗಳೊಳಗೆ ಇದ್ದ. ನಾಲ್ಕನೆಯ ಸಲ ನೆಲಕ್ಕೆ ಬಿದ್ದವನು ಅಲ್ಲಿಂದಲೇ ನನ್ನನ್ನು ನೋಡಿ, "ಏನೂ ಹೇಳೋದಿಲ್ವಾ?" ಎಂದ. "ಇಲ್ಲ" ಎಂದೆ. ಮೈದಾನವೆಲ್ಲ ನಕ್ಕಿತು. ನಾನೂ ನಕ್ಕೆ. ಆ ಅಡ್ಡಹೆಸರು ಆವತ್ತಿಗೆ ಹೋಯಿತು.

ಋತುವಿನ ಮೊದಲೆರಡು ಪಂದ್ಯ ಸೋತೆವು. ಯಾಕೆಂದು ಕೂತು ಯೋಚಿಸಿದಾಗ ಗೊತ್ತಾಯಿತು: ನಾನು ಡಚ್ಚಿನಲ್ಲೋ ಇಂಗ್ಲಿಷಿನಲ್ಲೋ ಕೂಗುತ್ತಿದ್ದ ಸೂಚನೆ ಎದುರಾಳಿಗೂ ಅರ್ಥವಾಗುತ್ತಿತ್ತು. "ಯಾರಿಗೂ ಬರದ ಭಾಷೆ ಬೇಕಲ್ಲ" ಎಂದು ಕೋಚ್ ತಲೆ ಕೆರೆದುಕೊಂಡರು. ಎಲ್ಲರೂ ಒಟ್ಟಿಗೇ ನನ್ನ ಕಡೆ ತಿರುಗಿದರು.

ಹಾಗೆ ಒಂದು ಸಂಜೆ, ತುಂತುರು ಮಳೆಯಲ್ಲಿ, ಹತ್ತು ಜನ ಡಚ್ಚರಿಗೆ ನಾಲ್ಕು ಕನ್ನಡ ಪದ ಕಲಿಸಿದೆ. ಎಡ, ಬಲ, ಹಿಂದೆ, ಒಳಗೆ. ಮೊದಲ ಮೂರು ಸಲೀಸಾಗಿ ಬಂದವು. "ಒಳಗೆ" ಎಂಬಲ್ಲಿ ಎಲ್ಲರೂ ಎಡವಿದರು. ಅವರ ನಾಲಿಗೆಗೆ ಳಕಾರ ಸಿಗಲಿಲ್ಲ. "ಒಲಗೆ!" ಎಂದು ನೂರ ಹತ್ತು ಕಿಲೊ ತೂಕದ ಭೌತಶಾಸ್ತ್ರದ ವಿದ್ಯಾರ್ಥಿಯೊಬ್ಬ ಗುಡುಗಿದ. ಮುಂದಿನ ಪಂದ್ಯಕ್ಕೆ ಅಮ್ಮ ಬಂದಿದ್ದಳು. ಬಯಲಿನ ಗೆರೆಯ ಆಚೆ ನಿಂತು ಅದನ್ನು ಕೇಳಿ ಹೊಟ್ಟೆ ಹಿಡಿದು ನಕ್ಕಳು. ವಿರಾಮದಲ್ಲಿ ಅವನನ್ನು ಕರೆದು, "ನಾಲಿಗೆ ಮೇಲಕ್ಕೆ ಮಡಚಬೇಕು, ನೋಡು" ಎಂದು ಬಾಯಿ ತೆರೆದು ತೋರಿಸಿಕೊಟ್ಟಳು. ಆ ಪಂದ್ಯ ಗೆದ್ದೆವು. ಅದರ ಮುಂದಿನದೂ ಗೆದ್ದೆವು. ಸತತ ಆರು ಗೆದ್ದು ನಮ್ಮ ದರ್ಜೆಯ ಫೈನಲ್ ತಲುಪಿದೆವು. ಗೆದ್ದವರು ಮೇಲಿನ ದರ್ಜೆಗೆ ಹೋಗುತ್ತಾರೆ.

ಫೈನಲ್ ಬಾಡ್‌ಹೂವೆಡಾರ್ಪ್‌ನ ಮೈದಾನದಲ್ಲಿ, ಜೂನ್ ತಿಂಗಳ ಒಂದು ಶನಿವಾರ ಮಧ್ಯಾಹ್ನ. ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಹೋಗುವಷ್ಟು ಹತ್ತಿರ. ಆದರೂ ಅಪ್ಪ ಬರುತ್ತಾರೆ ಎಂದು ನಾನು ಎಣಿಸಿರಲಿಲ್ಲ. ಭುಜದ ದಿನದಿಂದ ಅವರು ನನ್ನ ಓದು, ಊಟ, ನಿದ್ದೆ ಎಲ್ಲ ಕೇಳುತ್ತಿದ್ದರು. ಆಟದ ಮಾತು ಮಾತ್ರ ಎತ್ತುತ್ತಿರಲಿಲ್ಲ. ಹೆಲ್ಮೆಟ್ ಹಾಕುವ ಮುನ್ನ ಜನರ ಕಡೆ ನೋಡಿದೆ. ಅಮ್ಮನ ಪಕ್ಕದಲ್ಲಿ ಅಪ್ಪ ನಿಂತಿದ್ದರು. ಕೈಯಲ್ಲಿ ಪ್ರಿಂಟ್ ಮಾಡಿದ ಹಾಳೆಗಳ ಕಟ್ಟು. ಆಟದ ನಿಯಮಗಳು! ಒಂದು ವಾರದಿಂದ ಟ್ರಾಮಿನಲ್ಲಿ ಕೂತು ಅದನ್ನೇ ಓದುತ್ತಿದ್ದರಂತೆ, ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು. ಅಂಪೈರ್ ಆಗಿದ್ದವರು, ಬರಿಗೈಯಲ್ಲಿ ಹೇಗೆ ಬಂದಾರು?

ಪಂದ್ಯ ಸುಲಭವಿರಲಿಲ್ಲ. ಅವರಲ್ಲಿ ಒಬ್ಬ ಕುಳ್ಳಗಿನ ಓಟಗಾರನಿದ್ದ. ಮೊದಲಾರ್ಧದಲ್ಲಿ ನಮ್ಮನ್ನು ಎರಡು ಸಲ ಬೇಸ್ತು ಬೀಳಿಸಿ ಅಂಕ ತಂದಿದ್ದ. ಆದರೂ ಕೊನೆಯ ನಿಮಿಷಕ್ಕೆ ನಾವು ಹದಿನೆಂಟು, ಅವರು ಹದಿನಾಲ್ಕು. ಚೆಂಡು ಅವರ ಕೈಯಲ್ಲಿ, ನಮ್ಮ ಗೆರೆಗೆ ಮೂರೇ ಗಜ ಬಾಕಿ. ಮೂರು ಯತ್ನ ತಡೆದಿದ್ದೆವು. ಉಳಿದದ್ದು ನಾಲ್ಕನೆಯದು. ಗೆರೆ ದಾಟಿದರೆ ಅವರು ಗೆದ್ದರು, ನಿಲ್ಲಿಸಿದರೆ ನಾವು.

ಅವರು ಸಾಲುಗಟ್ಟಿದರು. ನಾನು ಕೂಗಲು ಬಾಯಿ ತೆರೆದೆ. ಅದೇ ಹೊತ್ತಿಗೆ ಹತ್ತಿರದ ಸ್ಕಿಫಾಲ್ ನಿಲ್ದಾಣದಲ್ಲಿ ಇಳಿಯುವ ವಿಮಾನವೊಂದು ತಲೆಯ ಮೇಲೆಯೇ ಬಂತು. ನನ್ನ ದನಿ ನನಗೇ ಕೇಳಲಿಲ್ಲ. ಮುಂದಿನ ಸಾಲಿನವರು ಏನು ಎಂದು ತಿರುಗಿ ನೋಡಿದರು. ಕಣ್ಣುಗಳಲ್ಲಿ ಗಾಬರಿ. ನಾನು ಎರಡು ಹೆಜ್ಜೆ ಮುಂದೆ ಓಡಿ, ಇಬ್ಬರು ದಡೂತಿಗಳ ಬೆನ್ನಿನ ಮೇಲೆ ಕೈಯಿಟ್ಟು ಒಳಕ್ಕೆ ಒತ್ತಿದೆ. ಭೌತಶಾಸ್ತ್ರದವನು ತಲೆ ಆಡಿಸಿದ. ಹಿಂದಕ್ಕೆ ಸರಿಯುವಷ್ಟರಲ್ಲಿ ಚೆಂಡು ಕದಲಿತು.

ಚೆಂಡು ಹಿಡಿದ ಅವರ ನಾಯಕ ಎಡಕ್ಕೆ ಎಸೆಯುವಂತೆ ತೋಳು ಎತ್ತಿದ. ಮೈದಾನವೆಲ್ಲ ಎಡಕ್ಕೆ ವಾಲಿತು. ಕುಳ್ಳನೂ ಎಡಕ್ಕೆ ಮುಖ ತಿರುಗಿಸಿದ. ಅವನ ಸೊಂಟ ಮಾತ್ರ ಬಲಕ್ಕಿತ್ತು. ನಾನು ಬಲಕ್ಕೆ ಓಡಿದೆ. ನಾಯಕ ಕೈ ಇಳಿಸಿ ಕುಳ್ಳನ ಹೊಟ್ಟೆಗೆ ಚೆಂಡು ಇಟ್ಟ. ಇಬ್ಬರು ದಡೂತಿಗಳ ನಡುವಿನ ಸಂದಿಯಲ್ಲಿ ಅವನೂ ನಾನೂ ಒಂದೇ ಕ್ಷಣಕ್ಕೆ ತಲುಪಿದೆವು. ನನ್ನ ಪೂರ್ತಿ ಮೈಯಿಂದ ಅವನನ್ನು ತಬ್ಬಿದೆ. ಮೈಯ ಒಂದಿಷ್ಟನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅವನ ಕಾಲು ನೆಲ ಬಿಟ್ಟಿತು, ಅವನು ಬಂದ ಕಡೆಗೇ ಹೋದೆವು, ಬಿದ್ದೆವು. ನಮ್ಮ ಮೇಲೆ ಇನ್ನೂ ಏಳೆಂಟು ಜನ ಬಿದ್ದರು.

ಒಬ್ಬೊಬ್ಬರಾಗಿ ಎದ್ದ ಮೇಲೆ ಕಂಡಿತು: ಚೆಂಡು ಗೆರೆ ಮುಟ್ಟಲು ಇನ್ನೂ ಒಂದು ಗಜ ಬಾಕಿ ಇತ್ತು. ರೆಫರಿ ತೋಳನ್ನು ನಮ್ಮ ಕಡೆಗೆ ಚಾಚಿದರು. ಕುಳ್ಳ ಕೆಳಗಿನಿಂದ ಕೈ ಕೊಟ್ಟ, ಎಳೆದು ಎಬ್ಬಿಸಿದೆ. "ಹೇಗೆ ಗೊತ್ತಾಯ್ತು?" ಎಂದು ಕೇಳಿದ. ಉತ್ತರ ಕೊಡುವ ಮೊದಲೇ ನನ್ನ ತಂಡ ನನ್ನ ಮೇಲೆ ಬಿತ್ತು. ಅಷ್ಟೂ ಜನರ ಭಾರದ ಕೆಳಗೆ ಹುಲ್ಲು, ಬೆವರು, ಮಣ್ಣು ಬಾಯಿಗೆ ಬರುತ್ತಿದ್ದರೂ ನಾನು ನಗುತ್ತಿದ್ದೆ.

ಅಪ್ಪ ಹಾಳೆಗಳನ್ನು ಎದೆಗೆ ಒತ್ತಿಕೊಂಡು ಗೆರೆ ದಾಟಿ ಮೈದಾನದೊಳಗೇ ಬಂದುಬಿಟ್ಟರು.

"ಅದು ನಾಲ್ಕನೇ ಯತ್ನ ಅಲ್ವೇನೋ?"

"ಹೌದಪ್ಪ."

"ಹಂಗಾದ್ರೆ ಚೆಂಡು ನಮ್ದು!"

"ನಮ್ದು ಅಪ್ಪ. ಪಂದ್ಯಾನೂ ನಮ್ದೇ."

ಅವರು ನನ್ನ ಹೆಲ್ಮೆಟ್ಟಿನ ಕಂಬಿಗಳ ನಡುವೆ ಬೆರಳು ತೂರಿಸಿ ಕೆನ್ನೆ ಮುಟ್ಟಿದರು. "ನೀವು ಅಂದಷ್ಟು ಕೆಟ್ಟ ಆಟ ಅಲ್ಲ ಇದು" ಎಂದೆ. "ನಾನೆಲ್ಲಿ ಕೆಟ್ಟದ್ದು ಅಂದೆ?" ಎಂದು ಅವರು ಅಮ್ಮನ ಕಡೆ ನೋಡಿದರು. ಅವಳ ಸುತ್ತ ಆಗಲೇ ನಮ್ಮ ತಂಡದ ಮೂವರು ನಿಂತಿದ್ದರು. ಭೌತಶಾಸ್ತ್ರದವನು ನಾಲಿಗೆ ಮಡಚಿ, ಸ್ಪಷ್ಟವಾಗಿ, "ಒಳಗೆ!" ಎಂದ. ಅವಳು ಚಪ್ಪಾಳೆ ತಟ್ಟಿದಳು.

ಮೇಲಿನ ದರ್ಜೆಗೆ ಹೋದೆವು. ಮಾಸ್ಟರ್ಸ್ ಮೊದಲ ವರ್ಷದಲ್ಲಿ ತಂಡ ನನ್ನನ್ನು ನಾಯಕನನ್ನಾಗಿ ಆರಿಸಿತು. ಚೀಟಿಗಳನ್ನು ಕೋಚ್ ಒಂದೊಂದಾಗಿ ಬಿಡಿಸಿ ಓದುತ್ತಿದ್ದರೆ, ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದೇ ಮೊದಲು ಅಂದುಕೊಂಡೆ. ಏನಾದರೂ ಮಾತಾಡು ಎಂದರು. ಎದ್ದು ನಿಂತೆ, ಬೆನ್ನು ನೆಟ್ಟಗೆ ಮಾಡಿ. "ಮಂಗಳವಾರ ಆರಕ್ಕೆ ಅಭ್ಯಾಸ, ಯಾರೂ ತಡ ಮಾಡಬೇಡಿ" ಎಂದಷ್ಟೇ ಹೇಳಲು ಆಯಿತು. ಅಷ್ಟಕ್ಕೇ ಮೇಜು ಗುದ್ದಿದರು.

ಆ ವರ್ಷ ದೊಡ್ಡ ತಂಡಗಳ ಎದುರು ಎಂಟು ಪಂದ್ಯ ಆಡಿದೆವು. ಐದು ಗೆದ್ದೆವು. ಕಳೆದ ತಿಂಗಳು ಪಕ್ಕದ ಊರಿನ ತಂಡದ ಕೋಚ್ ಫೋನ್ ಮಾಡಿ, ಓದು ಮುಗಿದ ಮೇಲೆ ನಮ್ಮಲ್ಲಿಗೆ ಬರುತ್ತೀಯಾ ಎಂದು ಕೇಳಿದರು. ಅವರದು ದೇಶದ ಅತಿ ಮೇಲಿನ ದರ್ಜೆಯ ತಂಡ. ಯಾವ ಜಾಗಕ್ಕೆ ಎಂದು ಕೇಳಿದೆ. ಎರಡನೇ ಸಾಲು, ನಟ್ಟ ನಡುವೆ ಎಂದರು. ಬರುತ್ತೇನೆ ಎಂದೆ.